ತಾಳ ಕೇಳಿಸುವ ಇಯರ್‌ಫೋನು

ಇಯರ್‌ಫೋನ್ ಕೊಳ್ಳುವ ಮೊದಲು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದು ನಿಪ್ಪಟ್ಟು ತಿನ್ನಬೇಕು ಎಂದು ನನಗೆ ಕಲಿಸಿಕೊಟ್ಟವರು ದೊಡ್ಡಬಳ್ಳಾಪುರದ ನಮ್ಮ ಮನೆ ಓನರ್ರು. ನಿಪ್ಪಟ್ಟು ಮುಗಿಯುವವರೆಗೆ ಅದು ಕಿವಿಯಿಂದ ಜಾರದಿದ್ದರೆ ಮುಂದಿನ ಪರೀಕ್ಷೆ, ಜಾರಿದರೆ ಮರುಮಾತಿಲ್ಲದೆ ಡಬ್ಬಿಗೆ ಹಾಕಿ ವಾಪಸ್ಸು. "ಮುದ್ದೆ ತಿಂದು ನೋಡಿದ್ರೆ ಆಗಲ್ವಾ?" ಎಂದು ನಾನು ಒಮ್ಮೆ ತಮಾಷೆಗೆ ಕೇಳಿದ್ದೆ. ಅವರು ತಮಾಷೆ ಮಾಡುವವರಲ್ಲ. "ಮುದ್ದೆಗೆ ದವಡೆ ಎಲ್ಲಿ ಆಡ್ತದೆ ಟೀಚರಮ್ಮ? ಸೀದಾ ನುಂಗೋದಲ್ವಾ? ಓದಿರೋರು, ಸ್ವಲ್ಪ ಯೋಚ್ನೆ ಮಾಡಿ" ಎಂದಿದ್ದರು.

ಅವರು ತೀರಿಕೊಂಡು ಕೆಲವು ತಿಂಗಳಾದವು. ದೊಡ್ಡ ಮನುಷ್ಯರೇನಲ್ಲ, ಪೇಪರಿನಲ್ಲಿ ಫೋಟೊ ಬರಲಿಲ್ಲ. ನಮ್ಮ ಬೀದಿಯವರು ಅವರನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಹಾಗಾಗಿ ಅವರ ಹೆಂಡತಿ ಎಲ್ಲರಿಗೂ ದೊಡ್ಡಮ್ಮ. ಹೆಸರು ಹಿಡಿದು ಬರೆದರೆ ದೊಡ್ಡಮ್ಮ "ಇದೆಲ್ಲಾ ಯಾಕೆ ಬೇಕಿತ್ತು" ಎಂದು ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೇ ನಾನೂ ದೊಡ್ಡಪ್ಪ ಎಂದೇ ಬರೆಯುತ್ತೇನೆ.

ನನ್ನ ತವರು ಅನುಗೊಂಡನಹಳ್ಳಿ ಕಡೆ, ಹೊಲಗದ್ದೆಯ ಮನೆ. ಸರ್ಕಾರಿ ಶಾಲೆಗೆ ವರ್ಗವಾಗಿ ದೊಡ್ಡಬಳ್ಳಾಪುರಕ್ಕೆ ಬಂದಾಗ ಬಾಡಿಗೆ ಕಡಿಮೆ ಎಂದು ಖುಷಿಯಾಗಿ ಅವರ ಮಹಡಿ ಮನೆ ಹಿಡಿದೆ. ಯಾಕೆ ಕಡಿಮೆ ಎಂಬುದು ಮಾರನೆಯ ಬೆಳಗ್ಗೆಯೇ ಗೊತ್ತಾಯಿತು. ಕೆಳಗೆ ಸೀರೆ ನೇಯುವ ಪವರ್‌ಲೂಮ್ ಮಗ್ಗಗಳು. ಸ್ವಿಚ್ ಹಾಕಿದ ಕೂಡಲೇ ನನ್ನ ಕಾಲಡಿಯ ನೆಲ, ಒಲೆಯ ಮೇಲಿನ ಹಾಲು, ಗೋಡೆಯ ಕ್ಯಾಲೆಂಡರು ಎಲ್ಲವೂ ನಡುಗತೊಡಗಿದವು. ಆ ಬೀದಿಯಲ್ಲಿ ಮನೆಮನೆಗೂ ಮಗ್ಗ. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ದಡದಡನೆ ಮೆಟ್ಟಿಲಿಳಿದು ಹೋದೆ.

ದೊಡ್ಡಪ್ಪ ಮಗ್ಗದ ಮುಂದೆ ನಿಂತಿದ್ದರು. ಸಣಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ, ಮುಖಕ್ಕೆ ಹೋಲಿಸಿದರೆ ದೊಡ್ಡವೇ ಅನ್ನಬೇಕಾದ ಕಿವಿಗಳು. ಎರಡು ಕಿವಿಯಿಂದಲೂ ಕಪ್ಪು ವೈರು ಹಿಂದಕ್ಕೆ ಹೋಗಿ, ಕಾಲರಿನ ಹಿಂಭಾಗದಲ್ಲಿ ಒಂದು ಪಿನ್ನಿಗೆ ಸಿಕ್ಕಿ, ಅಂಗಿಯೊಳಗೆ ಇಳಿದು, ಸೊಂಟದ ಹತ್ತಿರ ಹೊರಬಂದು ಜೇಬಿನ ಮೊಬೈಲು ಸೇರುತ್ತಿತ್ತು. ಎದೆಯ ಮೇಲೆ ವೈರು ಜೋತುಬಿದ್ದರೆ ಮಗ್ಗ ಎಳೆದುಕೊಂಡುಬಿಡುತ್ತದೆ, ಅದಕ್ಕೇ ಆ ಬೀದಿಯ ನೇಕಾರರೆಲ್ಲ ಹೀಗೆ ಬೆನ್ನ ಮೇಲೆ ಬಿಟ್ಟುಕೊಳ್ಳುತ್ತಾರೆ. ನಾನು ಕೂಗಿದೆ. ಅವರು ನಕ್ಕರು. ಮತ್ತೆ ಕೂಗಿದೆ. ಒಂದು ಕಿವಿಯ ರಬ್ಬರು ತೆಗೆದು "ಏನಮ್ಮಾ?" ಎಂದರು.

"ಸದ್ದು" ಎಂದೆ.

"ಯಾವ ಸದ್ದು?" ಎಂದರು.

ಅವರು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ಮಗ್ಗದ ಸದ್ದು ಅವರ ಪಾಲಿಗೆ ಸದ್ದಾಗಿರಲೇ ಇಲ್ಲ. ನಾನು ಇಳಿದ ಮೆಟ್ಟಿಲನ್ನೇ ಹತ್ತಿ ಮೇಲಕ್ಕೆ ಬಂದೆ. ಆಮೇಲೆ ಅದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದೆ.

ಇಯರ್‌ಫೋನಿನ ವಿಷಯದಲ್ಲಿ ದೊಡ್ಡಪ್ಪನ ಮಾತು ಆ ಬೀದಿಗೆ ಕಡೆಯ ಮಾತು. ಅದಕ್ಕೆ ಮೊದಲ ನಿಯಮ, ವೈರು ಇರಲೇಬೇಕು. ಅವರ ಅಳಿಯ ಒಮ್ಮೆ ಹಬ್ಬಕ್ಕೆ ಬಂದವನು ವೈರಿಲ್ಲದ ಜೋಡಿ ತಂದುಕೊಟ್ಟಿದ್ದ. ಒಂದು ಗುಂಡು ಕಿವಿಯಿಂದ ಜಾರಿ ಮಗ್ಗದೊಳಗೆ ಬಿದ್ದು, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಹರಿದುಹಾಕಿ, ತಾನೂ ಪುಡಿಯಾಯಿತು. ಆ ಎಳೆಗಳನ್ನು ಗಂಟು ಹಾಕುವುದರಲ್ಲೇ ಇಡೀ ದಿನ ಹೋಯಿತು. "ಬಾಲ ಇಲ್ಲದ ಪ್ರಾಣಿ ಅದು. ಬಿದ್ರೆ ಹಿಡಿಯೋದು ಎಲ್ಲಿ?" ಎಂದು ಅಳಿಯನ ಎದುರಿಗೇ ಹೇಳಿದರು. ಎರಡನೆಯ ನಿಯಮ ಬೆಲೆಯದು. "ಕಳೆದೋದ್ರೆ ಹೆಂಡ್ತಿಗೆ ಹೇಳ್ದೆ ಮುಚ್ಚಾಕ್ಬೋದು, ಅಷ್ಟರೊಳಗಿರಬೇಕು." ಇದನ್ನು ಅವರು ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ, ಕೇಳಿದವರು ತಮ್ಮ ತಮ್ಮ ಹೆಂಡತಿಯನ್ನು ನೆನೆದು ಮನಸ್ಸಿನಲ್ಲೇ ಒಂದು ಮೊತ್ತ ಗೊತ್ತುಮಾಡಿಕೊಳ್ಳುತ್ತಿದ್ದರು.

ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ಅಂಗಡಿ. ಅದರ ಭಾಯಿ ಹೊಸ ಮಾಲು ಬಂದ ಕೂಡಲೇ ದೊಡ್ಡಪ್ಪನಿಗೆ ಹೇಳಿಕಳಿಸುತ್ತಿದ್ದ. ಬೀದಿಯವರು ಇವರು ಒಪ್ಪದ್ದನ್ನು ಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತು. ಒಂದು ಭಾನುವಾರ ಜೊತೆಗೆ ನಾನೂ ಹೋಗಿದ್ದೆ, ನನ್ನ ಹಳೆಯದು ಕೆಟ್ಟಿತ್ತು. ಪಕ್ಕದ ಬೇಕರಿಯಿಂದ ನಿಪ್ಪಟ್ಟು ಬಂತು. ಭಾಯಿ ಡಬ್ಬಿಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ದೊಡ್ಡಪ್ಪ ಒಂದೊಂದನ್ನೇ ತೆಗೆದು ಮೊದಲು ವೈರನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿದರು, ರೇಷ್ಮೆ ಎಳೆಯ ಹುರಿ ನೋಡುವ ಹಾಗೆ. ಆಮೇಲೆ ಕಿವಿಗೆ ಹಾಕಿಕೊಂಡು ವೈರನ್ನು ಉಗುರಿನಿಂದ ಕೆರೆದರು. ಕೆರೆದ ಸದ್ದು ಕಿವಿಗೆ ಕರಕರ ಎಂದು ಬಂದರೆ ಅದು ಇಡೀ ದಿನ ಅಂಗಿಗೆ ಉಜ್ಜಿ ಉಜ್ಜಿ ತಲೆ ತಿನ್ನುತ್ತದಂತೆ. ಎಡಗಿವಿಗೆ ದೊಡ್ಡ ರಬ್ಬರು, ಬಲಗಿವಿಗೆ ಅದಕ್ಕಿಂತ ಚಿಕ್ಕದು. "ಎರಡು ಕಿವಿ ಒಂದೇ ಸೈಜು ಯಾರಿಗೂ ಇರಲ್ಲ. ಡಬ್ಬೀಲಿ ಮೂರು ಸೈಜು ಕೊಟ್ಟಿರೋದು ಅದಕ್ಕೇ. ಜನ ಬಿಸಾಕ್ತಾರೆ" ಎಂದು ನನಗೆ ತಿಳಿಸಿದರು. ಆ ದಿನದಿಂದ ನಾನೂ ಬೇರೆ ಬೇರೆ ಸೈಜು ಹಾಕುತ್ತೇನೆ, ನಿಜಕ್ಕೂ ಸರಿಯಾಗಿ ಕೂರುತ್ತದೆ.

ಒಂದು ವಿಷಯಕ್ಕೆ ಮಾತ್ರ ಅವರು ಎಲ್ಲದಕ್ಕೂ ಮಾರ್ಕ್ಸು ಕಡಿಮೆ ಮಾಡುತ್ತಿದ್ದರು. ವೈರಿನ ಮಧ್ಯೆ ಒಂದು ಗಂಟು ಇರುತ್ತದಲ್ಲ, ಅದು. "ಇಷ್ಟು ಚೆನ್ನಾಗಿ ಎಳೆ ಎಳೆದ್ಬಿಟ್ಟು ಮಧ್ಯದಲ್ಲಿ ಗಂಟು ಯಾಕಪ್ಪಾ ಹಾಕ್ತಾರೆ?" ಎಂದರು. "ಅದು ಮೈಕು ದೊಡ್ಡಪ್ಪ, ಫೋನ್ ಮಾತಾಡಕ್ಕೆ" ಎಂದ ಭಾಯಿ. ಕಿವಿಯಲ್ಲಿ ರಬ್ಬರಿದ್ದುದರಿಂದ ಅವರಿಗೆ ಕೇಳಿಸಲಿಲ್ಲ. ಅವರಿಗೆ ಫೋನು ಬಂದರೆ ವೈರು ಕಿತ್ತು, ಮಗ್ಗ ನಿಲ್ಲಿಸಿ, ಮೊಬೈಲನ್ನೇ ಕಿವಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿಹೋಗಿ ಮಾತಾಡಿಯೇ ರೂಢಿ.

ಕಡೆಯದು ತಾಳದ ಪರೀಕ್ಷೆ. ಬೀದಿಯ ಭಜನೆ ಮಂಡಳಿಯಲ್ಲಿ ತಾಳ ಹಾಕುವವರು ದೊಡ್ಡಪ್ಪನೇ. ಒಂದು ಶನಿವಾರದ ಭಜನೆಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಯಾವ ಇಯರ್‌ಫೋನಾದರೂ ಅದೇ ಭಜನೆ. ಹಾರ್ಮೋನಿಯಂ, ಡೋಲಕ್ಕು, ಗಂಡಸರ ಗಂಟಲು ಇವೆಲ್ಲ ಯಾವುದರಲ್ಲಾದರೂ ಕೇಳುತ್ತವೆ, ಅದಕ್ಕೆ ಬೆಲೆಯಿಲ್ಲ. ಕಂಚಿನ ತಾಳ ಕಿಣಿಕಿಣಿ ಎಂದು ಕೇಳಬೇಕು. ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಒಂದೊಂದಾಗಿ "ಇಲ್ಲ", "ಇಲ್ಲ", "ಮಬ್ಬು", "ಕಂಬಳಿ ಹೊದ್ಕೊಂಡು ಹಾಡ್ದಂಗೈತೆ" ಎಂದು ಪಕ್ಕಕ್ಕೆ ಇಟ್ಟರು. ಆ ಕಂಬಳಿಯದನ್ನು ನಾನೂ ಹಾಕಿ ಕೇಳಿದೆ, ನನಗೆ ಇಷ್ಟವಾಯಿತು, ಹಿತವಾದ ಇಂಪಾದ ಸದ್ದು. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಒಂದು ಕೆಂಪು ವೈರಿನದನ್ನು ಹಾಕಿಕೊಂಡವರ ಮುಖ ಅರಳಿತು. ಬೆರಳು ಗಾಜಿನ ಮೇಲೆ ತಾಳ ಹಾಕತೊಡಗಿತು. "ಇದು ನೋಡಪ್ಪಾ ವಸ್ತು ಅಂದ್ರೆ" ಎಂದರು.

ವಾರದೊಳಗೆ ಬೀದಿಯ ಎಲ್ಲ ಬೆನ್ನುಗಳ ಮೇಲೂ ಕೆಂಪು ವೈರು. ಎಲ್ಲರೂ ಹೊಗಳುವವರೇ. ನಾನೂ ಒಂದು ತಂದಿದ್ದೆ. ಕಿವಿಗೆ ಹಾಕಿ ಹಾಡು ಹಚ್ಚಿದರೆ ಸೂಜಿ ಚುಚ್ಚಿದ ಹಾಗೆ. ಹಾಡುಗಾರ್ತಿಯ ಬಾಯಿಂದ ಸ ಅಕ್ಷರ ಬಂದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ನನ್ನದು ಡ್ಯಾಮೇಜು ಪೀಸು ಎಂದುಕೊಂಡು ಬದಲಾಯಿಸಿ ತಂದೆ. ಅದೂ ಹಾಗೇ. ತಲೆನೋವು ಬಂತು. ದೊಡ್ಡಪ್ಪನ ಹತ್ತಿರ ಹೇಳಿದರೆ ನನ್ನದನ್ನು ತಾವೇ ಹಾಕಿ ಕೇಳಿ, "ಬೆಣ್ಣೆ ಇದ್ದಂಗೈತಲ್ಲ ಟೀಚರಮ್ಮ. ನಿಮಗೆ ಪಿತ್ತ ಜಾಸ್ತಿ ಆಗಿರಬೇಕು, ಜೀರಿಗೆ ಕಷಾಯ ಕುಡೀರಿ" ಎಂದರು. ಕೋಪ ಬಂದರೂ ಕಷಾಯ ಕುಡಿದೆ. ಪ್ರಯೋಜನವಾಗಲಿಲ್ಲ.

ಇಷ್ಟೆಲ್ಲ ಪರೀಕ್ಷೆ ಮಾಡಿ ಅವರು ಕೇಳುತ್ತಿದ್ದುದು ಏನನ್ನು? ರೇಡಿಯೋ. ವಾರ್ತೆ, ಹಳೆಯ ಹಾಡು, ಕೃಷಿ ಕಾರ್ಯಕ್ರಮ, ಏನು ಬಂದರೆ ಅದು. ಕಿವಿಯೊಳಗೆ ಒತ್ತಿ ಕೂರುವ ರಬ್ಬರು ಮಗ್ಗದ ಸದ್ದನ್ನು ಅರ್ಧ ತಡೆಯುತ್ತದೆ, ಒಳಗೆ ರೇಡಿಯೋ ಮಾತಾಡುತ್ತದೆ. ಒಂದು ಸಂಜೆ ಕರೆಂಟು ಹೋಗಿ ಬೀದಿಯೆಲ್ಲ ತಟ್ಟನೆ ಸ್ತಬ್ಧವಾದಾಗ ಇಬ್ಬರೂ ಜಗಲಿಯ ಮೇಲೆ ಕೂತಿದ್ದೆವು. "ಇಡೀ ದಿನ ರೇಡಿಯೋ ಕೇಳಿ ಬೇಜಾರಾಗಲ್ವಾ?" ಎಂದೆ. ಅವರು ವೈರನ್ನು ನೂಲಿನ ಖಾಲಿ ಬಾಬಿನ್ನಿಗೆ ಸುತ್ತತೊಡಗಿದರು. ಅವರ ವೈರು ಯಾವತ್ತೂ ಸಿಕ್ಕಾಗುತ್ತಿರಲಿಲ್ಲ.

"ಮನೇಲಿ ಮಾತಾಡೋರು ಯಾರಿದ್ದಾರೆ ಟೀಚರಮ್ಮ? ನಿಮ್ಮ ದೊಡ್ಡಮ್ಮ ಮೊದ್ಲು ಎಷ್ಟು ಮಾತಾಡೋಳು ಗೊತ್ತಾ? ಮದುವೆ ಆದ ಹೊಸದ್ರಲ್ಲಿ ನನ್ನ ತಾಯಿ 'ಇವಳ ಬಾಯಿಗೆ ಬೀಗ ಹಾಕೋ' ಅನ್ನೋಳು. ಈಗ ಬಾಯೊಳಗೇ ಏನೋ ಗೊಣಗ್ತಾಳೆ, ಹೋಗ್ತಾಳೆ. ನನ್ನ ಮೇಲೆ ಏನೋ ಬೇಜಾರು ಅವಳಿಗೆ. ಏನು ಅಂತ ಕೇಳಿದ್ರೂ ಗೊಣಗ್ತಾಳೆ. ಬಿಡು ಅಂತ ಬಿಟ್ಬಿಟ್ಟೆ. ಒಂದು ಕಿವಿಗಾದ್ರೂ ಯಾರಾದ್ರೂ ಮಾತಾಡ್ಲಿ ಅಂತ ಇದು."

ನನಗೆ ಆಶ್ಚರ್ಯವಾಯಿತು. ದೊಡ್ಡಮ್ಮ ಮಾತು ಕಡಿಮೆಯವರೇ? ದಿನಾ ಸಂಜೆ ಮಹಡಿಗೆ ಬಂದು, ಸೊಪ್ಪು ಬಿಡಿಸುತ್ತ, ತಂಗಿಯ ಮನೆಯ ಹಸುವಿನಿಂದ ಹಿಡಿದು ತಮಗೆ ಬಿದ್ದ ಕನಸಿನವರೆಗೆ ನಿಲ್ಲಿಸದೆ ಹೇಳುತ್ತಿದ್ದರು. ತೆಳ್ಳನೆಯ ದನಿ, ಪಿಸಪಿಸ ಓಡುವ ಮಾತು. ನಾನು ಹ್ಞೂಂಗುಟ್ಟಿದರೆ ಸಾಕು, ಅನ್ನ ಸೀದುಹೋಗುವವರೆಗೂ ಹೇಳುತ್ತಿದ್ದರು. ಮಾರನೆಯ ದಿನ ಉಪಾಯವಾಗಿ ಕೇಳಿದೆ, ದೊಡ್ಡಪ್ಪನ ಜೊತೆ ಇದನ್ನೆಲ್ಲ ಹೇಳಲ್ವಾ ಎಂದು.

"ಹೇಳದೆ ಏನಮ್ಮ? ಹೇಳ್ತೀನಿ. ಕೇಳ್ದಂಗೆ ಹ್ಞೂಂ ಅಂತಾರೆ. ಮಧ್ಯದಲ್ಲೇ ವೈರು ಕಿವಿಗೆ ಹಾಕ್ಕೊಂಬಿಡ್ತಾರೆ. ನನ್ನ ಮಾತು ಅವರಿಗೆ ಬೇಡ ಆಗೋಯ್ತು. ಅದಕ್ಕೇ ನಿಮ್ಮ ತಲೆ ತಿನ್ನಕ್ಕೆ ಬರ್ತೀನಿ" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಬೇಡವಾದೆವು ಎಂದುಕೊಂಡು ಬದುಕುತ್ತಿದ್ದಾರೆ. ಮಧ್ಯೆ ಹೋಗಿ ಹೇಳಲು ನಾನು ಯಾರು, ಬಾಡಿಗೆಯವಳು. ಮನಸ್ಸಿನಲ್ಲಿ ಇಟ್ಟುಕೊಂಡು ಒದ್ದಾಡಿದೆ.

ಆ ವರ್ಷ ನಮ್ಮ ಶಾಲೆಯಲ್ಲಿ ಮಕ್ಕಳ ಕಣ್ಣು ಕಿವಿ ನೋಡುವ ಶಿಬಿರ ನಡೆಯಿತು. ಮಕ್ಕಳದು ಬೇಗ ಮುಗಿಯಿತು. ಕಿವಿ ಪರೀಕ್ಷಿಸಲು ಬಂದ ಹುಡುಗಿ ಪಾಪ ಒಳ್ಳೆಯವಳು, ಊರಿನ ಹಿರಿಯರಿದ್ದರೆ ಕರೆಸಿ ಎಂದಳು. ನಾನು ಬೀದಿಗೆ ಹೇಳಿಕಳಿಸಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ದೊಡ್ಡಪ್ಪ ಮುಂದೆ, ಹಿಂದೆ ದೊಡ್ಡಮ್ಮ, ಅವರ ಹಿಂದೆ ಬೀದಿಯ ಐದಾರು ನೇಕಾರರು ಬಂದರು. ನಮ್ಮ ಸ್ಟಾಫ್ ರೂಮಿನ ಕಿಟಕಿ ಮುಚ್ಚಿ, ಆ ಹುಡುಗಿ ದೊಡ್ಡಪ್ಪನ ತಲೆಗೆ ದೊಡ್ಡ ಹೆಡ್‌ಫೋನು ಹಾಕಿದಳು. "ತಾತ, ಸದ್ದು ಕೇಳಿದ ತಕ್ಷಣ ಬೆರಳು ಎತ್ತಿ" ಎಂದು ಸನ್ನೆ ಮಾಡಿ ತೋರಿಸಿದಳು.

ಮೊದಲು ಬೆರಳು ಸರಿಯಾಗಿ ಎದ್ದಿತು. ಆಮೇಲೆ ತೊಡೆಯ ಮೇಲೇ ಕೂತಿತು. ಹುಡುಗಿ ಗುಂಡಿ ತಿರುಗಿಸುತ್ತಿದ್ದಳು, ಬೆರಳು ಏಳಲಿಲ್ಲ. ದೊಡ್ಡಪ್ಪ ಸ್ವಲ್ಪ ಹೊತ್ತು ಕಾದರು. ಹೆಡ್‌ಫೋನ್ ತೆಗೆದು ಹಿಂದೆ ಮುಂದೆ ನೋಡಿದರು. ವೈರನ್ನು ಬೆರಳಲ್ಲಿ ಹೊಸೆದರು, ಉಗುರಿನಿಂದ ಕೆರೆದರು. ಜೇಬಿನಲ್ಲಿ ನಿಪ್ಪಟ್ಟು ಇರಲಿಲ್ಲ, ಪುಣ್ಯ.

"ಇದು ಲೂಸ್ ಕನೆಕ್ಷನ್ ಕಣಮ್ಮ. ದಪ್ಪ ಸದ್ದು ಬರ್ತದೆ, ಆಮೇಲೆ ಕಟ್ ಆಗ್ತದೆ. ಯಾವ ಅಂಗಡೀಲಿ ತಂದ್ರಿ?"

ಹುಡುಗಿ ಅದು ಸರಿ ಇದೆ ಎಂದಳು. ದೊಡ್ಡಪ್ಪ ಪಕ್ಕದವರಿಗೆ ಕೊಟ್ಟರು. ಅವರೂ ಕೇಳಿ, ತಲೆಯಾಡಿಸಿ, "ಕಟ್ ಆಗ್ತದೆ" ಎಂದರು. ಮೂರನೆಯವರೂ ಹಾಗೇ ಹೇಳಿದರು. ಬಂದವರೆಲ್ಲ ಒಬ್ಬೊಬ್ಬರಾಗಿ ಹಾಕಿ, ಕೇಳಿ, ಒಮ್ಮತದಿಂದ ಹೆಡ್‌ಫೋನ್ ಹಾಳಾಗಿದೆ ಎಂದು ತೀರ್ಮಾನ ಕೊಟ್ಟರು. ಒಬ್ಬರು ಬಿಚ್ಚಿ ರಿಪೇರಿ ಮಾಡಿಕೊಡಲೂ ತಯಾರಾದರು. ಬೆಳಗ್ಗೆಯಿಂದ ಮಕ್ಕಳನ್ನೆಲ್ಲ ಅದರಲ್ಲೇ ಪರೀಕ್ಷಿಸಿದ ಹುಡುಗಿ ಕಂಗಾಲಾಗಿ ನನ್ನ ಮುಖ ನೋಡಿದಳು. ನಾನು ಕಿವಿಗೆ ಇಟ್ಟುಕೊಂಡೆ. ಕುಂಯ್ ಎಂದು ಸಣ್ಣದೊಂದು ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಕೆಂಪು ವೈರಿನ ರಹಸ್ಯ ನನಗೆ ಆ ಕ್ಷಣ ತಿಳಿಯಿತು. ಇಡೀ ಬೀದಿಯ ಕಿವಿಗಳನ್ನು ಒಂದೇ ಮಗ್ಗದ ಸದ್ದು ಒಂದೇ ರೀತಿ ತಿಂದುಹಾಕಿತ್ತು. ತೆಳ್ಳಗಿನ ಸದ್ದನ್ನು ಚುಚ್ಚಿ ಚುಚ್ಚಿ ಒಳಗೆ ಕಳಿಸುವ ಇಯರ್‌ಫೋನೇ ಅವರಿಗೆಲ್ಲ ಬೆಣ್ಣೆ. ಒಬ್ಬರಿಗಾದರೂ ಬೇರೆ ಥರ ಕೇಳಿದ್ದರೆ ಅನುಮಾನ ಬರುತ್ತಿತ್ತು. ಎಲ್ಲರೂ ಒಪ್ಪುತ್ತಿದ್ದರಲ್ಲ, ಯಾರಿಗೆ ತಾನೆ ಗೊತ್ತಾಗಬೇಕು?

ಹುಡುಗಿ ಗಟ್ಟಿಯಾಗಿ, ನಿಧಾನವಾಗಿ ವಿವರಿಸಿದಳು. ದಪ್ಪ ಸದ್ದು ಕೇಳುತ್ತದೆ, ತೆಳ್ಳಗಿನದು ಹೊರಟುಹೋಗಿದೆ ಎಂದಳು. ದೊಡ್ಡಪ್ಪ ಒಪ್ಪದವರ ಹಾಗೆ ಕೂತಿದ್ದರು. "ತೆಳ್ಳಗಿನದು ಅಂದ್ರೆ ಯಾವ್ಯಾವುದಮ್ಮ?"

"ಹಕ್ಕಿ ಕೂಗೋದು, ಗೆಜ್ಜೆ, ತಾಳ. ಆಮೇಲೆ ಸಣ್ಣ ದನಿ ಇರೋ ಹೆಂಗಸರ ಮಾತು. ದನಿ ಕೇಳ್ತದೆ ತಾತ, ಮಾತು ಬಿಡಿಸಿ ಕೇಳಲ್ಲ. ಬಾಯೊಳಗೇ ಗೊಣಗಿದಂಗೆ ಇರ್ತದೆ."

ದೊಡ್ಡಪ್ಪ ತಿರುಗಿ ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮನನ್ನು ನೋಡಿದರು. ತುಂಬಾ ಹೊತ್ತು ನೋಡಿದರು.

"ಏ ಇವಳೇ, ನೀನು ಮಾತಾಡ್ತಾನೇ ಇದ್ಯಾ?"

"ನಾನ್ ಯಾವಾಗ ಸುಮ್ನಿದ್ದೆ?" ಎಂದರು ದೊಡ್ಡಮ್ಮ, ತಮ್ಮ ತೆಳ್ಳನೆಯ ದನಿಯಲ್ಲಿ. ಅದೂ ಅವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದರು. ನನಗೂ ಅಳು ಬಂತು, ಹಾಜರಿ ಪುಸ್ತಕ ಜೋಡಿಸುವ ನೆವದಲ್ಲಿ ಅತ್ತ ತಿರುಗಿಕೊಂಡೆ.

ಆಮೇಲೆ ಕಿವಿಗೆ ಮಿಷನ್ನು ಬಂತು. ಅದಕ್ಕೂ ನಿಪ್ಪಟ್ಟಿನ ಪರೀಕ್ಷೆಯಾಯಿತು, ಪಾಸಾಯಿತು. ಮಗ್ಗದ ಮುಂದೆ ಮಾತ್ರ ಫೇಲಾಯಿತು. "ಇದು ಮಗ್ಗಾನೂ ಎತ್ಕೊಂಬಂದು ಕಿವಿಯೊಳಗೆ ಇಡ್ತದೆ" ಎಂದು ಕೆಲಸದ ಹೊತ್ತಿನಲ್ಲಿ ತೆಗೆದಿಡುತ್ತಿದ್ದರು. ಅವರಿಗೆ ಕೆಲಸದ ಹೊತ್ತಲ್ಲದ ಹೊತ್ತೇ ಕಡಿಮೆ. ಭಜನೆಯಲ್ಲಿ ತಾಳ ಬಿಡಲಿಲ್ಲ, ತಮಗೆ ಕೇಳಿಸಲೆಂದು ಜೋರಾಗಿ ಕುಟ್ಟುವ ಬದಲು ಡೋಲಕ್ಕಿನವನ ಕೈ ನೋಡಿಕೊಂಡು ಮೆಲ್ಲಗೆ ಹಾಕುವುದನ್ನು ಅಭ್ಯಾಸ ಮಾಡಿಕೊಂಡರು.

ಹೊಸ ದಾರಿ ಹುಡುಕಿದವರು ದೊಡ್ಡಮ್ಮ. ಒಂದು ದಿನ ಮೇಲೆ ಬಂದು, "ಟೀಚರಮ್ಮ, ಆ ಕೆಂಪು ವೈರಲ್ಲಿ ಅವರಿಗೆ ತಾಳ ಕೇಳಿಸ್ತದಲ್ವಾ?" ಎಂದರು.

"ಹೌದು."

"ತಾಳ ಕೇಳಿಸಿದ್ರೆ ನಾನೂ ಕೇಳಿಸ್ಬೇಕಲ್ವಾ?"

ವೈರಿನ ಮಧ್ಯದ ಗಂಟು ಒತ್ತಿದರೆ ಫೋನು ಎತ್ತಬಹುದು ಎಂದು ಅವರ ಮಗಳು ಹೇಳಿದ್ದಳಂತೆ. ನಾನು ಕೆಳಗೆ ಹೋಗಿ, ಮಗ್ಗದ ಮುಂದೆ ರೇಡಿಯೋ ಕೇಳುತ್ತಿದ್ದ ದೊಡ್ಡಪ್ಪನ ಪಕ್ಕ ನಿಂತೆ. ದೊಡ್ಡಮ್ಮ ಅಡುಗೆಮನೆಯಿಂದ ಫೋನ್ ಮಾಡಿದರು. ದೊಡ್ಡಪ್ಪ ಅಭ್ಯಾಸದಂತೆ ವೈರು ಕೀಳಲು ಹೋದರು. ನಾನು ಕೈ ಹಿಡಿದು ತಡೆದು, ಬಲಗಿವಿಯ ಕೆಳಗೆ ಕಾಲರಿನ ಹತ್ತಿರವೇ ಇದ್ದ ಆ ಗಂಟನ್ನು ಒತ್ತಿದೆ.

ದೊಡ್ಡಮ್ಮ ಆ ಕಡೆಯಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಮಗ್ಗ ಖಟಖಟ ಎನ್ನುತ್ತಲೇ ಇತ್ತು. ದೊಡ್ಡಪ್ಪನ ಮುಖ ಮಾತ್ರ ನೋಡುತ್ತಿದ್ದೆ. ಮೊದಲು ಹುಬ್ಬು ಮೇಲೇರಿತು. ಕತ್ತು ಒಂದು ಕಡೆ ವಾಲಿತು, ತಾಳದ ಪರೀಕ್ಷೆಗೆ ವಾಲುವ ಹಾಗೆಯೇ. ಆಮೇಲೆ ನಗತೊಡಗಿದರು. ಮಗ್ಗ ನಿಲ್ಲಿಸದೆ, ನನ್ನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು: "ಬೈತಾ ಇದ್ದಾಳೆ ಟೀಚರಮ್ಮ. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳ್ತೈತೆ. ಕಾಫಿ ಆರಿಹೋಯ್ತಂತೆ."

ಒಂದೇ ತೊಂದರೆ, ಇವರು ಮಾತಾಡಿದ್ದು ಮಗ್ಗದ ಸದ್ದಿನಲ್ಲಿ ದೊಡ್ಡಮ್ಮನಿಗೆ ಕೇಳುತ್ತಿರಲಿಲ್ಲ. ಅದಕ್ಕೂ ದಾರಿ ಸಿಕ್ಕಿತು. ಮೈಕಿನ ಮೇಲೆ ಉಗುರಿನಿಂದ ಕುಟ್ಟಿದರೆ ಟಕ್ ಎಂದು ಆ ಕಡೆಗೆ ಕೇಳುತ್ತದೆ. ಒಂದು ಸಲ ಕುಟ್ಟಿದರೆ ಹ್ಞೂಂ, ಎರಡು ಸಲ ಕುಟ್ಟಿದರೆ ಊಹ್ಞೂಂ. ದೊಡ್ಡಮ್ಮ ಒಳಗೆ ಮಾತಾಡುವುದು, ದೊಡ್ಡಪ್ಪ ಹೊರಗೆ ಕುಟ್ಟುವುದು. ವೈರು ಕೆರೆದು ಕೆರೆದು ಪರೀಕ್ಷೆ ಮಾಡಿದ ಉಗುರಿಗೆ ಕೊನೆಗೆ ಒಂದು ಕೆಲಸ ಸಿಕ್ಕಿತು. ಗಂಟಿಗೆ ಕಳೆಯುತ್ತಿದ್ದ ಮಾರ್ಕ್ಸನ್ನೂ ವಾಪಸ್ ಕೊಟ್ಟರು.

ರೇಡಿಯೋ ಮೂಲೆಗೆ ಬಿತ್ತು. ದೊಡ್ಡಮ್ಮ ಸಂಜೆ ನನ್ನ ಹತ್ತಿರ ಬರುವುದೂ ಕಡಿಮೆಯಾಯಿತು, ಸುಳ್ಳು ಯಾಕೆ ಹೇಳಲಿ, ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. "ಅಷ್ಟು ಹೊತ್ತು ಏನು ಹೇಳ್ತಾರೆ ಅವರು?" ಎಂದು ದೊಡ್ಡಪ್ಪನನ್ನು ಕೇಳಿದೆ.

"ನನಗೆ ಕೇಳಿಸ್ದೇ ಹೋಗಿದ್ದನ್ನೆಲ್ಲಾ ಮೊದಲಿಂದ ಹೇಳ್ತಾ ಇದ್ದಾಳೆ. ವರ್ಷದ ಪ್ರಕಾರ. ಈಗಿನ್ನೂ ಮಗಳ ಮದುವೆಗೆ ಬಂದಿದ್ದೀವಿ."

ಆಮೇಲೆ ಎದುರು ಸಿಕ್ಕಾಗಲೆಲ್ಲ ನಾನು "ಎಲ್ಲಿಗೆ ಬಂದ್ರಿ?" ಎಂದು ಕೇಳುವುದು, ಅವರು "ಮೊಮ್ಮಗನ ನಾಮಕರಣ", "ಅವಳ ತಂಗಿಗೆ ಆಪರೇಷನ್ ಆಯ್ತಲ್ಲ, ಅಲ್ಲಿ" ಎಂದು ಹೇಳುವುದು ವಾಡಿಕೆಯಾಯಿತು. ಕೆಲವು ಸಲ ಮಗ್ಗದ ಮುಂದೆ ನಿಂತು ಒಬ್ಬರೇ ನಗುತ್ತಿದ್ದರು. ಒಮ್ಮೆ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನೂ ನೋಡಿದೆ. ಏನೆಂದು ಕೇಳಲಿಲ್ಲ, ಅದು ಅವರಿಬ್ಬರ ಮಾತು.

ನನಗೆ ಅರಿಶಿನಕುಂಟೆ ಹತ್ತಿರದ ಶಾಲೆಗೆ ವರ್ಗವಾಯಿತು. ಮನೆ ಖಾಲಿ ಮಾಡುವ ದಿನ ದೊಡ್ಡಪ್ಪ ಭಾಯಿಯ ಅಂಗಡಿಯಿಂದ ಒಂದು ಡಬ್ಬಿ ತಂದುಕೊಟ್ಟರು. ಅಂದು ನನಗೆ ಇಷ್ಟವಾಗಿ ಅವರು ಕಂಬಳಿ ಎಂದು ಪಕ್ಕಕ್ಕಿಟ್ಟ ಇಯರ್‌ಫೋನು. "ನನಗೆ ಕಂಬಳಿ, ನಿಮಗೆ ಇದೇ ಸರಿ. ಅವತ್ತು ನಿಮ್ಮನ್ನ ಕೇಳ್ಬೇಕಿತ್ತು" ಎಂದರು. ಅದು ಈಗಲೂ ನನ್ನ ಬ್ಯಾಗಿನಲ್ಲಿ ಬಾಬಿನ್ನಿಗೆ ಸುತ್ತಿಕೊಂಡಿದೆ. ಬಾಬಿನ್ನನ್ನೂ ಅವರೇ ಕೊಟ್ಟದ್ದು.

ಈ ವರ್ಷ ಒಂದು ಬೆಳಗ್ಗೆ ಎದೆನೋವು ಎಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬೀದಿಯವರು ಮಗ್ಗ ನಿಲ್ಲಿಸಿದ್ದರು, ಕರೆಂಟು ಹೋದಾಗಲೂ ಅಷ್ಟು ನಿಶ್ಶಬ್ದವಾಗಿ ಆ ಬೀದಿಯನ್ನು ನಾನು ನೋಡಿರಲಿಲ್ಲ. ದೊಡ್ಡಮ್ಮ ಅವರ ಅಂಗಿಗಳನ್ನು ಮಡಿಸುತ್ತ ಕೂತಿದ್ದರು. ಎಲ್ಲ ಅಂಗಿಯ ಕಾಲರಿನ ಹಿಂದೆಯೂ ಪಿನ್ನಿನ ತುಕ್ಕು ಹಿಡಿದ ಸಣ್ಣ ತೂತು. ನನ್ನ ಕೈ ಹಿಡಿದುಕೊಂಡು, "ಇನ್ನೂ ಹೇಳೋದು ಮುಗಿದಿರಲಿಲ್ಲ ಟೀಚರಮ್ಮ. ನೀವು ನಮ್ಮನೇಗೆ ಬಾಡಿಗೆಗೆ ಬಂದ ವರ್ಷಕ್ಕೆ ಬಂದಿದ್ವಿ. ಅಲ್ಲಿಗೇ ನಿಂತೋಯ್ತು" ಎಂದರು.

ಆಮೇಲೆ ಅವರು ಮಾತು ಬಿಟ್ಟರು. ಈ ಸಲ ನಿಜವಾಗಿಯೇ ಬಿಟ್ಟರು. ನಾನು ಫೋನ್ ಮಾಡಿದರೆ ಊಟ ಆಯಿತು, ಚೆನ್ನಾಗಿದ್ದೀನಿ, ಇಷ್ಟೇ. ಅವರ ಮಗಳು "ಅಮ್ಮ ಮಾತೇ ಆಡಲ್ಲ, ನೀವಾದ್ರೂ ಮಾತಾಡ್ಸಿ" ಎಂದು ನನ್ನ ಹತ್ತಿರ ಅತ್ತುಕೊಂಡಳು.

ಕಳೆದ ವಾರ ಅವರನ್ನು ನೋಡಿ ಬರಲು ಹೋಗಿದ್ದೆ. ವಾಪಸ್ ಬರುವ ಬಸ್ಸಿಗೆ ಕಾಯುವಾಗ ಭಾಯಿಯ ಅಂಗಡಿಯಲ್ಲಿ ಆ ಕೆಂಪು ವೈರಿನ ಡಬ್ಬಿ ಕಾಣಿಸಿತು. ಬೇರೆ ಬೀದಿಯವರು ಯಾರೂ ಕೊಳ್ಳುವುದಿಲ್ಲವಂತೆ. ಕೊಡಿ ಎಂದೆ. "ನಿಮಗೆ ತಲೆನೋವು ಬರ್ತದೆ ಮೇಡಂ" ಎಂದ ಭಾಯಿ. ಬಂದರೆ ಬರಲಿ ಬಿಡಿ ಎಂದು ತೆಗೆದುಕೊಂಡೆ.

ಬಸ್ಸು ಮಧುರೆ ದಾಟುವಾಗ ದೊಡ್ಡಮ್ಮನ ಫೋನು ಬಂತು. ಹತ್ತಿದೆನೋ ಇಲ್ಲವೋ ಕೇಳಲು ಮಾಡಿದ್ದರು. ಬಸ್ಸು ತುಂಬಿ ತುಳುಕುತ್ತಿತ್ತು, ಎಂಜಿನ್ನಿನ ಪಕ್ಕದಲ್ಲೇ ನಿಂತಿದ್ದೆ, ಡ್ರೈವರು ಹಾರ್ನಿನಿಂದ ಕೈ ತೆಗೆಯುತ್ತಿರಲಿಲ್ಲ. ಕೆಂಪು ವೈರು ಕಿವಿಯಲ್ಲಿತ್ತು. ದೊಡ್ಡಮ್ಮನ ದನಿ ಸೂಜಿಯ ಹಾಗೆ ನೆಟ್ಟಗೆ ಒಳಗೆ ಬಂತು. "ಟೀಚರಮ್ಮ, ಸೀಟ್ ಸಿಕ್ತಾ? ಕೇಳಿಸ್ತಾ ಇದೆಯಾ?" ನಾನು ಎರಡು ಸಲ ಕೂಗಿದೆ, ಆ ಗಲಾಟೆಯಲ್ಲಿ ಅವರಿಗೆ ಕೇಳಲಿಲ್ಲ. "ಹಲೋ, ಕೇಳಿಸ್ತಾ ಇದೆಯಾ?" ಎಂದು ಮತ್ತೆ ಕೇಳಿದರು.

ನಾನು ಮೈಕನ್ನು ಹಿಡಿದು ಉಗುರಿನಿಂದ ಒಂದು ಸಲ ಕುಟ್ಟಿದೆ.

ಆ ಕಡೆ ಸದ್ದೇ ಇಲ್ಲ. ಲೈನು ಕಟ್ಟಾಯಿತೆಂದು ಮೊಬೈಲು ತೆಗೆದು ನೋಡಿದೆ, ಕಟ್ಟಾಗಿರಲಿಲ್ಲ. ದೊಡ್ಡಮ್ಮ ಉಸಿರಾಡುವುದು ಕೇಳುತ್ತಿತ್ತು. ಮಾಡಬಾರದ್ದನ್ನು ಮಾಡಿದೆನೇನೋ ಎಂದು ಹೆದರಿಕೆಯಾಯಿತು. ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಂತು ಹೊರಟಿತು.

"ನೀವು ಬಂದ ವರ್ಷ ಇತ್ತಲ್ಲ" ಎಂದರು ದೊಡ್ಡಮ್ಮ. "ಮಾರನೇ ಬೆಳಗ್ಗೇನೇ ದಡದಡ ಅಂತ ಜಗಳಕ್ಕೆ ಇಳಿದು ಬಂದ್ರಲ್ಲ, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ಆವತ್ತು ಏನಾಯ್ತು ಗೊತ್ತಾ?"

ನಾನು ಎರಡು ಸಲ ಕುಟ್ಟಿದೆ.

"ಹೇಳ್ತೀನಿ ಕೇಳಿ" ಎಂದು ಶುರು ಮಾಡಿದರು.